ಮಾಲಕ್‌ರು ಬಂದಾರ

ವೈಜನಾಥನಿಗೆ ಹುಟ್ಟಿದಾಗಿನಿಂದ ಒಂದೇ ಒಂದು ಸಲ ತಾನು ಬುದ್ಧಿವಂತ ಅನ್ನಿಸಿತ್ತು. ಆ ಒಂದು ದಿನದ ಬುದ್ಧಿವಂತಿಕೆಯ ಫಲವನ್ನು ಪುಣ್ಯಾತ್ಮ ಇನ್ನೂ ಉಣ್ಣುತ್ತಿದ್ದಾನೆ.

ಅವನು ಬೀದರ ಜಿಲ್ಲೆಯ ಭಾಲ್ಕಿ ಕಡೆಯವನು. ಇಪ್ಪತ್ತು ವರ್ಷದಿಂದ ನಾಶಿಕದ ಪಂಪ್ ಕಾರ್ಖಾನೆಯೊಂದರಲ್ಲಿ ಸ್ಟೋರ್ ಕೀಪರ್. ನಟ್ಟು ಬೋಲ್ಟು ಎಣಿಸಿ ಎಣಿಸಿ, ತಲೆಯ ಕೂದಲು ಕೂಡ ಎಣಿಸುವಷ್ಟೇ ಉಳಿದ ಮೇಲೆ, ಪಾಥರ್ಡಿ ಫಾಟಾದ ಹಿಂದಿನ ಸೊಸೈಟಿಯಲ್ಲಿ ಒಂದು ರೋ ಹೌಸ್ ಕೊಂಡ. ಹೆಂಡತಿ ವಿಜಯಶ್ರೀ, ತಾಯಿ ಪ್ರೇಮಾಬಾಯಿ, ತಾನು, ಮೂರೇ ಜನ. ಹಾಲು ಉಕ್ಕಿಸಿ ಎರಡು ವಾರ ಆಗಿರಲಿಲ್ಲ, ಕಂಪನಿ ಅವನನ್ನು ಛತ್ರಪತಿ ಸಂಭಾಜಿನಗರದ ಶಾಖೆಗೆ ಎತ್ತಿ ಹಾಕಿತು. ಅಲ್ಲಿಯ ಸ್ಟೋರಿನಲ್ಲಿ ಏನೋ ಗೊಂದಲವಂತೆ, ಮೂರು ತಿಂಗಳಲ್ಲಿ ಸರಿಮಾಡಿ ಬಾ ಅಂದರು. ಕೊನೆಗೆ ಮುಂಬಯಿಯ ದೊಡ್ಡ ಸಾಹೇಬರು ಬಂದು ಸ್ಟೋರ್ ನೋಡುವರು. ಒಪ್ಪಿದರೆ ವಾಪಸು ಕಳಿಸುವ ಕಾಗದಕ್ಕೆ ಸಹಿ, ಒಪ್ಪದಿದ್ದರೆ ಎರಡು ವರ್ಷ ಅಲ್ಲೇ. ಸ್ವಂತ ಮನೆಯಲ್ಲಿ ಹನ್ನೆರಡೇ ದಿನ ಮಲಗೆದ್ದ ಮನುಷ್ಯನಿಗೆ ಆ ಸಹಿ ಎಷ್ಟು ಮುಖ್ಯ ಅನ್ನುವುದನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ.

"ಇಬ್ರೇ ಹೆಂಗಸ್ರು ಇರ್ತೀರಿ. ಬಾಗಲಿಗಿ ಕ್ಯಾಮೆರಾ ಹಾಕಿ ಹೋಗ್ತೀನಿ," ಅಂದ.

"ಹಾಕವ್ರಿಗಿ ಕರೀರಿ," ಅಂದಳು ವಿಜಯಶ್ರೀ.

"ಇಪ್ಪತ್ತ ವರ್ಷ ಸ್ಟೋರ್ ನಡಸೀನಿ. ನಾಕ್ ಸ್ಕ್ರೂ ತಿರುವ್ಲಿಕ್ಕ ಇನ್ನೊಬ್ಬಾಂವ ಬೇಕೇನು?"

ನಾಲ್ಕು ಸ್ಕ್ರೂ ತಿರುವಲು ಆರು ದಿನ ಹಿಡಿಯಿತು. ಆ ಆರು ದಿನ ಸೊಸೈಟಿಯ ಜನಕ್ಕೆ ಹೊಸ ನೆರೆಯವನ ಎರಡು ಕಾಲು ಮಾತ್ರ ಕಂಡವು, ಅವೂ ಏಣಿಯ ಮೇಲೆ. ಡ್ರಿಲ್ಲಿನ ಧೂಳಿಗೆಂದು ಮುಖಕ್ಕೆ ಕರವಸ್ತ್ರ, ತಲೆಗೆ ಕಾರ್ಖಾನೆಯ ಹೆಲ್ಮೆಟ್ಟು. ಅಂತೂ ಕ್ಯಾಮೆರಾ ಕೂತಿತು. ಸ್ವಲ್ಪ ವಾರೆಯಾಗಿ, ಬಗ್ಗಿ ಕೂತಿತು. ಹೀಗಾಗಿ ಬಾಗಿಲಿಗೆ ಬಂದವರ ಹಣೆ ಮತ್ತು ಚಪ್ಪಲಿ ಚೆನ್ನಾಗಿ ಕಾಣುತ್ತಿದ್ದವು, ನಡುವಿನದು ಅಷ್ಟಕ್ಕಷ್ಟೆ.

ಅಷ್ಟಕ್ಕೇ ಬಿಟ್ಟಿದ್ದರೆ ಬದುಕಿಕೊಳ್ಳುತ್ತಿದ್ದ. ಆದರೆ ಆ ಕ್ಯಾಮೆರಾಕ್ಕೆ ಮುಖ ಗುರುತು ಹಿಡಿಯುವ ವಿದ್ಯೆ ಬರುತ್ತಿತ್ತು. ಯಾರು ಬಂದರೆ ಏನು ಕೂಗಬೇಕು ಅನ್ನುವುದನ್ನು ನಮ್ಮದೇ ದನಿಯಲ್ಲಿ ಅದರ ಹೊಟ್ಟೆಗೆ ತುಂಬಬಹುದಿತ್ತು. ವೈಜನಾಥ ಪಂಚಾಂಗ ನೋಡಿ, ಸೋಮವಾರ ಬೆಳಿಗ್ಗೆ ಲಿಂಗಪೂಜೆ ಮುಗಿಸಿ, ಹಣೆಯ ಈ ತುದಿಯಿಂದ ಆ ತುದಿಗೆ ಮೂರು ಬೆರಳಿನ ವಿಭೂತಿ ಬಳಿದುಕೊಂಡು ಕ್ಯಾಮೆರಾದ ಮುಂದೆ ಸೆಟೆದು ನಿಂತ.

"ಇಬತ್ತಿ ಒರಸ್ಕೋರಿ. ಮಾರಿ ಕಾಣವಲ್ದು, ಅದೊಂದೇ ಹೊಳೀಲತ್ತದ," ಅಂದಳು ವಿಜಯಶ್ರೀ.

"ಏನ್ ಮಾತಾಡ್ತಿ! ಮಾಲಕನ ಮಾರಿ ಅಂತ ಇಡ್ಲತ್ತೀನಿ. ಶುಭ ದಿನ ಬೋಳ ಹಣಿ ತೋರ್ಸಲೇನು ಅದಕ್ಕ?"

ಎಡಕ್ಕೆ ತಿರುಗು ಅಂದಿತು ಫೋನು, ತಿರುಗಿದ. ಬಲಕ್ಕೆ ಅಂದಿತು, ತಿರುಗಿದ. ತಲೆ ಬಗ್ಗಿಸು ಅಂದಿತು, ಬಗ್ಗಿಸಿದ. ಕ್ಯಾಮೆರಾಕ್ಕೆ ಬೆಳ್ಳಗಿನ ಮೂರು ಪಟ್ಟೆ ಬಿಟ್ಟು ಮತ್ತೇನು ಕಂಡಿತೋ ಆ ಶಿವನಿಗೇ ಗೊತ್ತು, "ಮಾಲಕ" ಎಂದು ಬರೆದುಕೊಂಡಿತು. ಹೆಂಗಸರಿಬ್ಬರ ಮುಖವನ್ನೂ ಸೇರಿಸಿ, ಮನೆಯವರು ಓಡಾಡಿದರೆ ಗದ್ದಲ ಬೇಡ ಎಂದು ಅವರಿಗೆ ಮೌನ ಇಟ್ಟ. ತನಗೆ ಮಾತ್ರ ಸಕ್ಕರೆಯಂಥ ದನಿಯಲ್ಲಿ, "ಮಾಲಕ್‌ರು ಬಂದಾರ, ಮಾಲಕ್‌ರು ಬಂದಾರ, ಬಾಗ್ಲಾ ತೆಗೀರಿ" ಎಂದು ತುಂಬಿದ. ಗುರುತಿಲ್ಲದವರಿಗೆ ಮೊದಲು ಸೈರನ್ನು, ಅದರ ಹಿಂದೆ ನರ ಉಬ್ಬುವಂತೆ, "ಯಾವನಲೇ ಅಂವ! ಥಾಂಬ್! ಇದು ನನ್ನ ಮನಿ! ಪೊಲೀಸ್ ಬರ್ಲತ್ತಾರ!" ಕನ್ನಡದ ಕಳ್ಳನಿಗೂ, ನಿಲ್ಲು ಅನ್ನುವುದಕ್ಕೆ ಥಾಂಬ್ ಅನ್ನುವ ಮರಾಠಿ ಕಳ್ಳನಿಗೂ ತಿಳಿಯಲಿ ಎಂದು ಎರಡೂ ಭಾಷೆ ಬೆರೆಸಿದ್ದ. ಅದೇ ಸಂಜೆ ಟ್ರಂಕು ಎತ್ತಿಕೊಂಡು ಸಂಭಾಜಿನಗರದ ಬಸ್ಸು ಹತ್ತಿದ.

ಮರುದಿನದಿಂದ ಆ ಡಬ್ಬಿ ಹಾಲಿನವನಿಗೆ ಒದರಿತು. ಪೋಸ್ಟಿನವನಿಗೆ ಒದರಿತು. ನಾಯಿಗೆ, ಗಾಳಿಗೆ ಹಾರಿಬಂದ ಪ್ಲಾಸ್ಟಿಕ್ ಚೀಲಕ್ಕೆ ಒದರಿತು. ಮೊದಲ ವಾರ ಅತ್ತೆ ಸೊಸೆ ಪ್ರತಿ ಸಲ ಹೊರಗೆ ಓಡಿ ಬಂದರು. ಎರಡನೆಯ ವಾರ ಕಿಟಕಿಯಿಂದ ನೋಡಿದರು. ಮೂರನೆಯ ವಾರದಿಂದ ತಿರುಗಿಯೂ ನೋಡಲಿಲ್ಲ. "ನಿನ್ನ ಗಂಡ ಊರಾಗ ಇದ್ದಾಗ ಇಷ್ಟ ಒದರ್ತಿರ್ಲಿಲ್ಲ," ಅಂದರು ಪ್ರೇಮಾಬಾಯಿ.

ಸಂಭಾಜಿನಗರದಲ್ಲಿ ವೈಜನಾಥನ ಖೋಲಿಯ ಜೊತೆಗಾರ ಮಲ್ಲಿನಾಥ, ಆಳಂದದವನು, ಅದೇ ಶಾಖೆಯ ಡಿಸ್ಪ್ಯಾಚ್ ಗುಮಾಸ್ತ. ಲಗ್ನವಾಗಿರಲಿಲ್ಲ, ಆದ್ದರಿಂದ ಸಂಸಾರದ ವಿಷಯ ಅವನಿಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು. ಸ್ಟಾಕ್ ಎಣಿಕೆಯ ಕೆಲಸ ವೈಜನಾಥನಿಗೆ ಒಂದು ಭಾನುವಾರವನ್ನೂ ಬಿಟ್ಟುಕೊಡಲಿಲ್ಲ. ಎರಡು ತಿಂಗಳು ಊರ ಮುಖ ನೋಡಲಿಲ್ಲ ಅವನು. ಮನೆ ಅಂದರೆ ಫೋನಿನಲ್ಲಿ ಬರುವ ಹಣೆ ಮತ್ತು ಚಪ್ಪಲಿಗಳಷ್ಟೇ ಆಗಿಬಿಟ್ಟಿತು.

ಒಂದು ಸೋಮವಾರ ಹನ್ನೊಂದು ಗಂಟೆಗೆ, ಸ್ಟೋರಿನಲ್ಲಿ ವಾಷರ್ ಎಣಿಸುತ್ತಿದ್ದಾಗ ಕಿಸೆಯ ಫೋನಿನಿಂದ, ಬಾಗಿಲ ಕ್ಯಾಮೆರಾಕ್ಕೆ ತುಂಬಿದ್ದ ಅವನದೇ ದನಿ ಬಂತು. "ಮಾಲಕ್‌ರು ಬಂದಾರ, ಮಾಲಕ್‌ರು ಬಂದಾರ, ಬಾಗ್ಲಾ ತೆಗೀರಿ."

ವೈಜನಾಥ ಸುತ್ತ ನೋಡಿದ. ತಾನು ಇಲ್ಲೇ ಇದ್ದ. ತೊಡೆ ಮುಟ್ಟಿಕೊಂಡ, ಹೌದು, ಇಲ್ಲೇ ಇದ್ದ.

ಮನೆಗೆ ಫೋನು ಹಚ್ಚಿದ. "ಯಾರರ ಬಂದಿದ್ರೇನು?"

"ಯಾರ್ ಬರ್ತಾರ್ರಿ? ಯಾರೂ ಇಲ್ಲ," ಅಂದಳು ವಿಜಯಶ್ರೀ. ಅವಳು ತನ್ನ ಜನ್ಮದಲ್ಲಿ ಇಷ್ಟು ಬೇಗ ಉತ್ತರ ಕೊಟ್ಟವಳಲ್ಲ. ಹಿಂದಿನಿಂದ ತಾಯಿಯ ದನಿ, "ಇಡು, ಇಡು ಫೋನ್!" ಅಂದಿತು.

ಮುಂದಿನ ಸೋಮವಾರ ಅದೇ ಹೊತ್ತಿಗೆ ಮಾಲಕರು ಮತ್ತೆ ಬಂದರು. ಈ ಸಲ ವೈಜನಾಥ ವಿಡಿಯೋ ತೆಗೆದು ಮಲ್ಲಿನಾಥನ ಜೊತೆ ಕೂತು ನೋಡಿದ. ಅಗಲವಾದ ಹಣೆ, ಮೂರು ಪಟ್ಟೆ ವಿಭೂತಿ. ನಡುವೆ ಮಬ್ಬು. ಕೆಳಗೆ ಎರಡು ಭಾರೀ ಪಾದ, ಕರ್ ಕರ್ ಅನ್ನುವ ಕೊಲ್ಹಾಪುರಿ ಚಪ್ಪಲಿ.

"ಹಣಿ ನಂದೇ ಅದ," ಅಂದ ವೈಜನಾಥ. "ಕಾಲು ನಂದಲ್ಲ."

"ಹಣಿ ಯಾರದರ ಇರ್ಲಿ ಮಾರಾಯಾ, ಒಳಗ ಹೋಗೂದು ಕಾಲು," ಅಂದ ಮಲ್ಲಿನಾಥ. "ಕೈಯಾಗ ಏನದ ನೋಡು. ಹೂವಿನ ಮಾಲಿ! ನೀ ಎಂದರ ನಿನ್ನ ಹೇಣ್ತಿಗಿ ಮಾಲಿ ಒಯ್ದೀದೇನು?"

ವೈಜನಾಥ ಒಯ್ದಿರಲಿಲ್ಲ. ಒಮ್ಮೆ ಮೆಂತೆ ಸೊಪ್ಪು ಒಯ್ದಿದ್ದ.

ಮೂರನೆಯ ಸೋಮವಾರ ಮಾಲಕರ ಕೈಯಲ್ಲಿ ಮಾಲೆಯ ಜೊತೆ ಬಾಳೆಹಣ್ಣೂ ಇತ್ತು. ಒಳಗೆ ಹೋದವರು ಒಂದೂವರೆ ತಾಸು ಹೊರಗೆ ಬರಲಿಲ್ಲ. ವೈಜನಾಥ ಫೋನಿನಲ್ಲಿ ಸುತ್ತಿ ಬಳಸಿ ಕೇಳಿದ, ವಿಜಯಶ್ರೀ ಸುತ್ತಿ ಬಳಸದೆ ಸುಳ್ಳು ಹೇಳಿದಳು. ತಾಯಿಯನ್ನು ಕೇಳಿದರೆ, "ಯಾರ್ ಬರ್ತಾರೋ ತಮ್ಮಾ, ನೀ ಹೊಟ್ಟಿ ತುಂಬ ಉಣ್ಣು" ಅಂದರು. ತಾಯಿಯೂ ಆ ಕಡೆ! ಆ ದಿನ ಅವನು ಊಟದ ತಟ್ಟೆ ಸರಿಸಿಟ್ಟ. ಹನ್ನೆರಡು ದಿನ ಇದ್ದ ಮನೆಯನ್ನೂ, ಹದಿನೆಂಟು ವರ್ಷ ಬಾಳಿದ ಹೆಂಡತಿಯನ್ನೂ ಒಂದೇ ಏಟಿಗೆ ಕಳೆದುಕೊಂಡೆ ಎಂದು ಗೋಡೆ ಕಡೆ ತಿರುಗಿ ಅತ್ತ. ಮಲ್ಲಿನಾಥ ಸಮಾಧಾನ ಮಾಡಲೆಂದು ಅವನ ಪಾಲಿನ ರೊಟ್ಟಿಯನ್ನೂ ತಾನೇ ತಿಂದ.

ನಾಲ್ಕನೆಯ ಸೋಮವಾರ ವೈಜನಾಥ ಧೈರ್ಯ ಮಾಡಿ ಸೊಸೈಟಿಯ ಚೇರ್ಮನ್ ದೇವದಾಸ ಕಾಕಾರಿಗೆ ಫೋನ್ ಮಾಡಿದ. ಕಾಕಾ ಮೂವತ್ತು ವರ್ಷ ನಾಶಿಕ–ಚಾಂದವಡ್ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವರು. ಟಿಕೆಟ್ ಇಲ್ಲದವನನ್ನು ಮುಖ ನೋಡಿಯೇ ಹಿಡಿಯುತ್ತೇನೆ ಅನ್ನುವುದು ಅವರ ಒಣ ಜಂಭ.

"ಏಳನೇ ನಂಬರಿನ ಮನೆಗೆ ಸೋಮವಾರ ಯಾರು ಬರ್ತಾರೆ ಕಾಕಾ?" ಎಂದು ಮರಾಠಿಯಲ್ಲಿ ಕೇಳಿದ.

"ಮಾಲಕ್ ಬರ್ತಾರೆ. ಮತ್ಯಾರು?"

"ಮಾಲಕ್ ನಾನು!"

"ಅಹೋ, ನನಗೇ ಹೇಳ್ತೀಯಾ? ವಾರವಾರ ಕಣ್ಣಾರೆ ನೋಡ್ತೀನಿ. ಎತ್ತರದ ಆಳು, ಹಣೆ ತುಂಬ ಭಸ್ಮ, ದೇವರಂಥ ಮನುಷ್ಯ. ಮಶೀನೇ ಕೂಗಿ ಹೇಳುತ್ತೆ ಮಾಲಕ್ ಬಂದರು ಅಂತ. ನೀನು ಯಾರು? ಎರಡು ಹೆಂಗಸರ ಮನೆ, ಯಾವಾಗ ಗಂಡಸು ಇರ್ತಾನೆ ಅಂತ ಯಾಕೆ ವಿಚಾರಿಸ್ತೀ?"

ಫೋನು ಕಟ್ಟಾಯಿತು. ಐದು ನಿಮಿಷದಲ್ಲಿ ಸೊಸೈಟಿಯ ವಾಟ್ಸಾಪ್ ಗುಂಪಿನಲ್ಲಿ ಕಾಕಾರ ಎಚ್ಚರಿಕೆ ಬಿತ್ತು: ಏಳನೇ ನಂಬರಿನ ಮಾಲಕ ಎಂದು ಹೇಳಿಕೊಂಡು ಒಬ್ಬ ಲಫಂಗ ಮಾಹಿತಿ ಕೇಳುತ್ತಿದ್ದಾನೆ, ಎಲ್ಲರೂ ಕಣ್ಣಿಡಿ. ಅದರ ಕೆಳಗೆ ಇಪ್ಪತ್ತಮೂರು ಜನ ಹೆಬ್ಬೆರಳು ಎತ್ತಿದ್ದರು. ಆ ಗುಂಪಿನಲ್ಲಿ ವೈಜನಾಥನೂ ಇದ್ದ. ಏನು ಬರೆಯಬೇಕೋ ತಿಳಿಯದೆ ಅವನೂ ಒಂದು ಹೆಬ್ಬೆರಳು ಹಾಕಿದ.

ಐದನೆಯ ಸೋಮವಾರವೇ ಮುಂಬಯಿ ಸಾಹೇಬರು ಸ್ಟೋರ್ ನೋಡಲು ಬರುವ ದಿನ. ಶಾಖೆಯ ಮ್ಯಾನೇಜರ್ ವಿನಯ ಸಾಹೇಬರು ಶನಿವಾರವೇ ಕರೆದು, "ವೈಜನಾಥ, ಕಾಗದ ತಯಾರಾಗಿದೆ. ಎರಡು ಗಂಟೆಗೆ ಬರ್ತಾರೆ, ಒಂದು ಸುತ್ತು ಹಾಕ್ತಾರೆ, ಸಹಿ ಮಾಡ್ತಾರೆ. ನೀನು ಕುರ್ಚಿ ಬಿಟ್ಟು ಏಳಬೇಡ, ಅಷ್ಟೇ ಸಾಕು" ಎಂದಿದ್ದರು.

ವೈಜನಾಥ ಕುರ್ಚಿಯಲ್ಲೇ ಕೂರುತ್ತಿದ್ದ. ಮಲ್ಲಿನಾಥ ಬಿಡಲಿಲ್ಲ.

"ಸಹಿ ಇವತ್ತಿಲ್ಲ ನಾಳಿ ಸಿಗ್ತದ. ಮಾನ ಸಿಗ್ತದೇನು? ಮುಂಜಾನಿ ಬಸ್ಸಿಗಿ ಹೋಗು, ಹನ್ನೊಂದಕ್ಕ ರೆಡ್ ಹ್ಯಾಂಡ್ ಹಿಡಿ. ಸ್ಟೋರ್ ಕೀಲಿ ನನಗ ಕೊಡು, ನಿನ್ನ ಕುರ್ಚಿ ಮ್ಯಾಲ ನಾ ಕೂಡ್ತೀನಿ. ಸಾಹೇಬ್ರಿಗಿ ಯಾರ್ ವೈಜನಾಥ ಯಾರ್ ಮಲ್ಲಿನಾಥ ಅಂತ ಏನ್ ಗೊತ್ತದ?"

ಬೆಳಗಿನ ಐದೂವರೆಯ ಬಸ್ಸು. ಸ್ನಾನವಿಲ್ಲ, ಪೂಜೆಯಿಲ್ಲ. ಬುದ್ಧಿ ಬಂದಾಗಿನಿಂದ ವಿಭೂತಿ ಇಲ್ಲದೆ ಹೊಸ್ತಿಲು ದಾಟದ ಮನುಷ್ಯ ಆ ದಿನ ಬೋಳು ಹಣೆಯಲ್ಲೇ ಓಡಿದ. ವೈಜಾಪುರ ದಾಟಿತು, ಯೇವಲಾ ದಾಟಿತು, ಆಮೇಲೆ ಈರುಳ್ಳಿ ಟ್ರ್ಯಾಕ್ಟರುಗಳ ಸಾಲು ಶುರುವಾಯಿತು. ಒಂದರ ಹಿಂದೆ ಒಂದು ಅವು ತೆವಳಿದವು, ಬಸ್ಸು ಅವುಗಳ ಹಿಂದೆ ತೆವಳಿತು. ಕಿಟಕಿಯಿಂದ ಬಂದ ಈರುಳ್ಳಿ ಸಿಪ್ಪೆ, ಧೂಳು ಎಲ್ಲ ಮುಖಕ್ಕೆ. ಕರವಸ್ತ್ರ ಕಟ್ಟಿಕೊಂಡ. ನಾಶಿಕದಲ್ಲಿ ಇಳಿದು ರಿಕ್ಷಾ ಹತ್ತುವಷ್ಟರಲ್ಲಿ ಕಿಸೆ ಕೂಗಿತು: "ಮಾಲಕ್‌ರು ಬಂದಾರ, ಮಾಲಕ್‌ರು ಬಂದಾರ..."

"ಭಾವು, ಜೋರಾಗಿ ಹೊಡಿ," ಅಂದ ರಿಕ್ಷಾದವನಿಗೆ, ಅಳುವ ದನಿಯಲ್ಲಿ.

ಮನೆ ಮುಂದೆ ಕೊಲ್ಹಾಪುರಿ ಚಪ್ಪಲಿಗಳು ರಾಜರಂತೆ ಕೂತಿದ್ದವು. ಬಾಗಿಲು ಒಳಗಿನಿಂದ ಹಾಕಿತ್ತು. ವೈಜನಾಥ ಗೇಟು ದಾಟಿ ಎರಡು ಹೆಜ್ಜೆ ಇಟ್ಟಿದ್ದ ಅಷ್ಟೇ. ತಲೆಯ ಮೇಲೆ ಸೈರನ್ನು ಕಿರುಚಿತು, ಅದರ ಹಿಂದೆಯೇ ಅವನ ದನಿ ಅವನ ಮೇಲೇ ಹರಿಹಾಯಿತು.

"ಯಾವನಲೇ ಅಂವ! ಥಾಂಬ್! ಇದು ನನ್ನ ಮನಿ!"

"ಏ, ಇದು ನನ್ನ ಮನಿ!" ಎಂದು ವೈಜನಾಥನೂ ಅರಚಿದ.

"ಪೊಲೀಸ್ ಬರ್ಲತ್ತಾರ!"

"ಬರ್ಲಿ ಪೊಲೀಸ್ರು! ವಿಜಯಶ್ರೀ! ಬಾಗ್ಲಾ ತೆಗಿ! ನಾ ಬಂದೀನಿ!"

ಒಳಗೆ ಅತ್ತೆ ಸೊಸೆ ಕಣ್ಣು ಮುಚ್ಚಿ ಕೈ ಮುಗಿದು ಕೂತಿದ್ದರು. ಪೂಜೆಯ ಗಂಟೆ ಮೊಳಗುತ್ತಿತ್ತು. ಹೊರಗಿನ ಒದರಾಟ ಕೇಳಿತು, ಕೇಳಲಿಲ್ಲ ಅಂತಲ್ಲ. "ಇವತ್ತ ಆ ಡಬ್ಬಿಗಿ ಏನರ ಬಡ್ಕೊಂಡದೇನು, ಹೆಸ್ರು ಹಿಡದು ಒದರ್ಲತ್ತದ," ಎಂದು ಪ್ರೇಮಾಬಾಯಿ ಕಣ್ಣು ತೆಗೆಯದೆ ಗೊಣಗಿದರು.

ಹೊರಗೆ ದೇವದಾಸ ಕಾಕಾ ಬನಿಯನ್ನಿನಲ್ಲೇ ಓಡಿ ಬಂದು ಹಿಂದಿನಿಂದ ವೈಜನಾಥನ ನಡು ತಬ್ಬಿದರು. "ಸಿಕ್ಕ! ಫೋನಿನ ಅದೇ ದನಿ! ಮುಖ ನೋಡಿದರೇ ಗೊತ್ತಾಗುತ್ತೆ, ಟಿಕೆಟ್ ಇಲ್ಲದ ಮುಖ!" ಹೆಬ್ಬೆರಳು ಎತ್ತಿದ್ದ ಇಪ್ಪತ್ತಮೂರು ಜನರಲ್ಲಿ ಹದಿನೈದು ಜನ ಬಂದು ಸುತ್ತ ನಿಂತರು. ಯಾರೋ ಕರವಸ್ತ್ರ ಕಿತ್ತರು, ಯಾರೋ ಅವನ ಚೀಲ ಸುರಿದರು. ಒಂದು ಲುಂಗಿ, ಹಲ್ಲುಜ್ಜುವ ಬ್ರಷ್ಷು. "ಉಳಿಯೋಕೇ ಬಂದಿದ್ದಾನೆ!" ಎಂದು ಒಬ್ಬಾಕೆ ಉದ್ಗರಿಸಿದಳು.

ಯಾರೋ ಫೋನು ಮಾಡಿ ಕರೆಸಿದ ಪೊಲೀಸ್ ಕಾನ್‌ಸ್ಟೇಬಲ್ ಶಬಾನಾ ಬೈಕ್ ನಿಲ್ಲಿಸಿ ನಿಧಾನವಾಗಿ ಬಂದಳು. ಆಧಾರ್ ಕೇಳಿದಳು. ಅದರಲ್ಲಿ ಭಾಲ್ಕಿಯ ವಿಳಾಸ, ಹದಿನೈದು ವರ್ಷದ ಹಿಂದಿನ ಚಿತ್ರ, ತಲೆ ತುಂಬ ಕೂದಲು, ಹಣೆ ತುಂಬ ವಿಭೂತಿ. ಕಾರ್ಡು ನೋಡಿದಳು, ಮನುಷ್ಯನನ್ನು ನೋಡಿದಳು.

"ಇದರಲ್ಲಿರೋದು ಒಂದೂ ನಿನ್ನ ಹತ್ತಿರ ಇಲ್ವಲ್ಲ?"

"ಮೇಡಮ್, ಕ್ಯಾಮೆರಾ ನಂದು! ಒದರ್ಲತ್ತದಲ್ಲ, ಆ ದನಿ ನಂದು! ಕೇಳ್ರಿ ಬೇಕಾದ್ರ!" ಎಂದು ಕನ್ನಡ, ಮರಾಠಿ, ಹಿಂದಿ ಮೂರನ್ನೂ ಕಲಸಿ ಬೇಡಿಕೊಂಡ. ಆಮೇಲೆ ಎದೆಯುಬ್ಬಿಸಿ ಕೂಗಿ ತೋರಿಸಿದ: "ಯಾವನಲೇ ಅಂವ! ಥಾಂಬ್!"

"ಪೊಲೀಸರಿಗೇ ಥಾಂಬ್ ಅಂತಾನೆ," ಎಂದರು ಕಾಕಾ.

ಫೋನ್ ತೋರಿಸು ಅಂದಳು ಶಬಾನಾ. ವೈಜನಾಥ ಆ್ಯಪ್ ತೆರೆದ. ಒಳಗೆ ಬಿಡುವ ಮೊದಲು ಅದು ಮಾಲಕನ ಮುಖ ತೋರಿಸಿ ಅಂದಿತು. ತೋರಿಸಿದ. ಕ್ಷಮಿಸಿ, ನೀವು ಮಾಲಕರಲ್ಲ ಅಂದಿತು. ಎಡಕ್ಕೆ ತಿರುಗಿದ, ಬಲಕ್ಕೆ ತಿರುಗಿದ, ತಲೆ ಬಗ್ಗಿಸಿದ. ಅಲ್ಲ, ಅಲ್ಲ, ಅಲ್ಲ. ಹದಿನೈದು ಜನ ಬಗ್ಗಿ ನೋಡುತ್ತಿದ್ದರು. ವೈಜನಾಥ ಫೋನನ್ನು ಕಿಸೆಗೆ ಹಾಕಿದ. ತನ್ನ ಮನೆಯ ಮೆಟ್ಟಿಲ ಮೇಲೆ, ಆ ಕೊಲ್ಹಾಪುರಿ ಚಪ್ಪಲಿಗಳ ಪಕ್ಕದಲ್ಲಿ ಕುಸಿದು ಕೂತ. "ಹಂಗಾದ್ರ ನಾ ಯಾರು?" ಎಂದು ಯಾರನ್ನೂ ಕೇಳದೆ ಕೇಳಿದ.

ಆಗ ಬಾಗಿಲು ತೆರೆಯಿತು.

ಎತ್ತರದ ಆಳು, ಬಿಳಿ ಧೋತ್ರ, ಹಣೆ ತುಂಬ ವಿಭೂತಿ, ಕೈಯಲ್ಲಿ ಆರತಿ ತಟ್ಟೆ. ಕ್ಯಾಮೆರಾದ ದನಿ ಒಮ್ಮೆಲೇ ಮೆತ್ತಗಾಯಿತು. "ಮಾಲಕ್‌ರು ಬಂದಾರ, ಮಾಲಕ್‌ರು ಬಂದಾರ..." ಹದಿನೈದು ಜನ ಕೈ ಮುಗಿದರು. ಆರತಿ ಹಿಡಿದವರ ಹಿಂದೆಯೇ ತೀರ್ಥದ ಬಟ್ಟಲು ಹಿಡಿದು ಬಂದ ವಿಜಯಶ್ರೀ ಮೆಟ್ಟಿಲ ಮೇಲಿನ ಆಕೃತಿಯನ್ನು ನೋಡಿ, "ಅಯ್ಯ ಶಿವನೆ, ನೀವ್ಯಾಕ್ರಿ ಇಲ್ಲಿ!" ಎಂದು ಚೀರಿದಳು.

"ನೀವು ಯಾರು?" ಎಂದ ವೈಜನಾಥ, ಕೂತಲ್ಲಿಂದಲೇ, ಆ ಎತ್ತರದ ಆಳಿಗೆ.

"ನಾ ಸೋಮಲಿಂಗಯ್ಯ. ನಿಮ್ಮ ಕಡಿ ಜಂಗಮನೇ ಅದೀನಿ, ಔರಾದ್ ತಾಲೂಕು. ಘೋಟಿ ಕಡಿ ರೋಡಿನ ಸೈಟಿನ್ಯಾಗ ಕೂಲಿ ಮಂದಿ ಮ್ಯಾಲ ಮುಕಾದಮ. ಸೋಮವಾರ ಸುಟ್ಟಿ ಇರ್ತದ, ಕರದವ್ರ ಮನಿಗಿ ಪೂಜಾಕ್ಕ ಹೋಗ್ತೀನಿ." ಅಯ್ಯನವರಿಗೆ ಗದ್ದಲ ಏನೂ ತಿಳಿದಿರಲಿಲ್ಲ. ಎದುರಿಗೆ ಬೋಳು ಹಣೆಯ ಭಕ್ತನೊಬ್ಬ ಕೂತಿದ್ದಾನೆ ಅನ್ನುವುದು ಮಾತ್ರ ಅವರ ಕಣ್ಣಿಗೆ ಬಿತ್ತು. ತಟ್ಟೆಯಿಂದ ವಿಭೂತಿ ತೆಗೆದು ಮೂರು ಬೆರಳಿನಿಂದ ಅವನ ಹಣೆಗೆ ಎಳೆದರು.

"ಮಾಲಕ್‌ರು ಬಂದಾರ," ಅಂದಿತು ಕ್ಯಾಮೆರಾ. "ಬಾಗ್ಲಾ ತೆಗೀರಿ."

ಶಬಾನಾ ಕ್ಯಾಮೆರಾ ನೋಡಿದಳು, ಆಧಾರ್ ನೋಡಿದಳು, ಹಣೆ ನೋಡಿದಳು. "ಹಾಂ, ಈಗ ಸರಿಹೋಯ್ತು," ಎಂದು ಕಾರ್ಡು ವಾಪಸು ಕೊಟ್ಟು ಬೈಕ್ ಹತ್ತಿದಳು. ದೇವದಾಸ ಕಾಕಾ, "ನನಗೆ ಮೊದಲೇ ಅನುಮಾನ ಇತ್ತು, ಇವರೇ ಮಾಲಕ್ ಇರಬೇಕು ಅಂತ" ಎಂದು ವೈಜನಾಥನ ಬೆನ್ನು ಸವರಿದರು.

"ಯಾರೂ ಬಂದಿಲ್ಲ ಅಂತ ಯಾಕ್ ಸುಳ್ಳ ಹೇಳ್ದಿ?" ಎಂದು ವೈಜನಾಥ ಹೆಂಡತಿಯನ್ನು ಕೇಳಿದ.

ಉತ್ತರ ತಾಯಿ ಕೊಟ್ಟರು. "ಐದು ಸೋಮವಾರದ ಹರಕಿ ತಮ್ಮಾ. ಯಾರ್ ಸಲುವಾಗಿ ಹೊತ್ತೀವಿ, ಅವ್ರಿಗಿ ಹೇಳಬಾರ್ದು. ನಿನಗ ವಾಪಸ್ ನಾಶಿಕ್‌ಗಿ ಹಾಕ್ಲಿ ಅಂತ ಬೇಡ್ಕೊಂಡಿದ್ದಿವಿ. ಇವತ್ತ ಕಡೀ ಸೋಮವಾರ. ಮುಗಸಿ ಏಳ್ತೀವಿ, ನೀನೇ ಮುಂದ ಕುಂತೀದಿ. ನೋಡು ದೇವ್ರು!"

ವೈಜನಾಥ ಹೆಂಡತಿಯ ಮುಖ ನೋಡಿದ. ಅವಳು ಅಳುತ್ತ ನಗುತ್ತಿದ್ದಳು. "ಕಾಗದ ಕೊಟ್ರೇನ್ರಿ?" ಅಂದಳು.

ಅಷ್ಟರಲ್ಲಿ ಫೋನು ಹೊಡೆದುಕೊಂಡಿತು. ವಿನಯ ಸಾಹೇಬರು.

"ವೈಜನಾಥ, ಸ್ಟೋರಿನ ಕೀಲಿ ಎಲ್ಲಿ?"

ವೈಜನಾಥ ಕಿಸೆಗೆ ಕೈ ಹಾಕಿದ. ಬೆಳಗಿನ ಗಡಿಬಿಡಿಯಲ್ಲಿ ಮಲ್ಲಿನಾಥನಿಗೆ ಕೊಡಬೇಕಾಗಿದ್ದ ಗೊಂಚಲು ಬೆಚ್ಚಗೆ ಅಲ್ಲೇ ಕೂತಿತ್ತು. ಇನ್ನೊಂದು ಕೀಲಿ ಅವನ ಮೇಜಿನ ಡ್ರಾಯರಿನಲ್ಲಿತ್ತು, ಮೇಜು ಸ್ಟೋರಿನ ಒಳಗಿತ್ತು.

"ದೊಡ್ಡ ಸಾಹೇಬರು ಹನ್ನೆರಡಕ್ಕೇ ಬಂದರು," ಎಂದರು ವಿನಯ ಸಾಹೇಬರು, ಸಿಟ್ಟೂ ಇಲ್ಲದ ದನಿಯಲ್ಲಿ. "ಬೀಗ ಹಾಕಿದ ಬಾಗಿಲ ಮುಂದೆ ಅರ್ಧ ತಾಸು ನಿಂತರು. ನಾನೇ ವೈಜನಾಥ ಅಂತ ಆ ಮಲ್ಲಿನಾಥ ಹೇಳಿದ. ಹಾಗಾದರೆ ಕೀಲಿ ತೆಗಿ ಅಂದರು. ಕಾಗದ ಹರಿದು ಹಾಕಿ ಹೋದರು. ಎರಡು ವರ್ಷ ವೈಜನಾಥ. ನಾಳೆ ಬೆಳಿಗ್ಗೆ ಕೀಲಿ ತಗೊಂಡು ಬಾ."

ಆ ಮಧ್ಯಾಹ್ನ ಮನೆಯಲ್ಲಿ ಪ್ರಸಾದದ ಹುಗ್ಗಿ ಇತ್ತು. ಸೋಮಲಿಂಗಯ್ಯನವರು ಚೆನ್ನಾಗಿ ಉಂಡರು, ದೇವದಾಸ ಕಾಕಾ ಎರಡು ಸಲ ಹಾಕಿಸಿಕೊಂಡರು. ವೈಜನಾಥ ತನ್ನ ಮನೆಯ ಗೋಡೆಗಳನ್ನು ಒಂದೊಂದಾಗಿ ನೋಡುತ್ತ ಕೂತಿದ್ದ. ಸಂಜೆ ಏಣಿ ತಂದು ಕ್ಯಾಮೆರಾ ಕಿತ್ತು ಹಾಕಲು ಹೊರಟಾಗ ವಿಜಯಶ್ರೀ ಏಣಿ ಹಿಡಿದು ನಿಲ್ಲಿಸಿದಳು.

"ಇರ್ಲಿ ಬಿಡ್ರಿ. ಹರಕಿ ಮೊದ್ಲಿಂದ ಶುರು ಮಾಡ್ಬೇಕಂತ ಅತ್ತಿ ಅಂದಾರ. ಅಯ್ಯನೋರು ಸೋಮವಾರ ಬರ್ತಾರ. ವಾರಕ್ಕೊಮ್ಮೆರ ನಿಮ್ಮ ದನೀಲಿಂದ ಮಾಲಕ್‌ರು ಬಂದಾರ ಅಂತ ಕೇಳ್ತದ. ನೀವೇ ಬಂದಂಗ ಆಗ್ತದ ನಮಗ."

ವೈಜನಾಥ ಏಣಿಯಿಂದ ಇಳಿದ.

ಮುಂದಿನ ಸೋಮವಾರ ಹನ್ನೊಂದು ಗಂಟೆಗೆ ಸಂಭಾಜಿನಗರದ ಸ್ಟೋರಿನಲ್ಲಿ ಅವನ ಕಿಸೆ ಕೂಗಿತು. ವಾಷರ್ ಎಣಿಕೆ ಅರ್ಧಕ್ಕೆ ನಿಂತಿತು. ಬಾಗಿಲಲ್ಲಿ ನಿಂತಿದ್ದ ಮಲ್ಲಿನಾಥ ಮೆಲ್ಲಗೆ, "ಯಾರ್ ಬಂದ್ರೋ?" ಅಂದ.

ವೈಜನಾಥ ಫೋನು ಕಿವಿಗೆ ಹಿಡಿದು ಪೂರ್ತಿ ಕೇಳಿಸಿಕೊಂಡ.

"ನಾನೇ," ಅಂದ. "ಮನಿ ಮುಟ್ಟಿದ್ನಿ."